ಜಸ್ಟ್, ಆಲ್‌ರೆಡಿ, ಯೆಟ್, ಸಿನ್ಸ್: ‘ಹ್ಯಾವ್’ ಜೊತೆ ಯಾವ ಪದ ಎಲ್ಲಿ ಕೂರಬೇಕು?

‘ನೌ ಓನ್ಲಿ ಐ ಕೇಮ್.’ ‘ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್‌ಡೇ.’ ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’

ಮಂಗಳೂರಿನ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಯಾವ ಆಫೀಸಿಗೆ ಹೋದರೂ ಈ ಮೂರು ಬಗೆಯ ವಾಕ್ಯ ಕಿವಿಗೆ ಬೀಳುತ್ತವೆ. ಹೇಳಿದವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಶಾಲೆಯಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಓದಿದ್ದಾರೆ, ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಿ ಮಾರ್ಕೂ ತೆಗೆದಿದ್ದಾರೆ. ಬಾಯಿ ಬಿಟ್ಟಾಗ ಮಾತ್ರ ತಡವರಿಸುತ್ತದೆ. ನನ್ನ ಪ್ರಕಾರ ತೊಂದರೆ ‘ಹ್ಯಾವ್’ನಲ್ಲಿ ಇಲ್ಲ. ಅದರ ಜೊತೆ ಬರುವ ಜಸ್ಟ್, ಆಲ್‌ರೆಡಿ, ಯೆಟ್, ಸ್ಟಿಲ್, ಎವರ್, ನೆವರ್, ಫಾರ್, ಸಿನ್ಸ್ ಮುಂತಾದ ಸಣ್ಣ ಪದಗಳಲ್ಲಿ ಇದೆ. ಇವು ಕ್ರಿಯಾವಿಶೇಷಣಗಳು, ಅಥವಾ ಅವುಗಳಂತೆ ಸಮಯ ಹೇಳುವ ಪದಗಳು. ಇವುಗಳ ಜಾಗ ಗೊತ್ತಾದರೆ ‘ಹ್ಯಾವ್’ ತಾನಾಗಿಯೇ ಬರುತ್ತದೆ.

ನಮ್ಮ ಕರಾವಳಿಯವರಿಗೆ ಒಂದು ಅನುಕೂಲ ಉಂಟು. ‘ಬಂದದ್ದಷ್ಟೆ’, ‘ಊಟ ಆಯ್ತಾ?’, ‘ದುಬೈಗೆ ಹೋದದ್ದುಂಟಾ?’, ‘ಬಂದೇ ಇಲ್ಲ ಮಾರಾಯ್ರೆ’ ಎಂದು ನಾವು ದಿನಾ ಹೇಳುತ್ತೇವಲ್ಲ, ಇಂಗ್ಲಿಷಿನ ಈ ಸಣ್ಣ ಪದಗಳು ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸೂತ್ರ ಬಾಯಿಪಾಠ ಮಾಡುವುದಕ್ಕಿಂತ ನಮ್ಮ ಮಾತಿನಿಂದಲೇ ಹೊರಡೋಣ. ನಮ್ಮ ಕನ್ನಡ ಕೈಕೊಡುವುದು ಎರಡು ಕಡೆ, ‘ನಿನ್ನೆ’ಯಲ್ಲಿ ಮತ್ತು ‘-ಇಂದ’ದಲ್ಲಿ. ಅಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಹೆಜ್ಜೆ 1: ನಡು ಸೀಟು ಗುರುತಿಸಿ

ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ಎರಡು ತುಂಡು ಇರುತ್ತವೆ. ಮೊದಲನೆಯದು ‘ಹ್ಯಾವ್’ ಅಥವಾ ‘ಹ್ಯಾಸ್’. ಎರಡನೆಯದು ಕ್ರಿಯಾಪದದ ಮೂರನೇ ರೂಪ: ಈಟನ್, ಸೀನ್, ಗಾನ್, ಸೆಂಟ್, ಫಿನಿಶ್ಡ್. ಕೆಲಸ ನಡೆದದ್ದು ಹಿಂದೆ, ಆದರೆ ಅದರ ಲೆಕ್ಕ ಈಗಿನವರೆಗೆ ಬಂದಿದೆ ಎನ್ನುವುದು ಇದರ ಒಳಗಿನ ಅರ್ಥ.

ಈ ಎರಡು ತುಂಡುಗಳ ನಡುವೆ ಒಂದು ಜಾಗ ಉಂಟು. ಸಿಟಿ ಬಸ್ಸಿನಲ್ಲಿ ಇಬ್ಬರ ನಡುವೆ ಒಬ್ಬರನ್ನು ಕೂರಿಸುತ್ತಾರಲ್ಲ, ಹಾಗೆ. ಜಸ್ಟ್, ಆಲ್‌ರೆಡಿ, ಎವರ್, ನೆವರ್, ಆಲ್ವೇಸ್, ಆಫನ್ ಇವೆಲ್ಲ ಮಾಮೂಲಾಗಿ ಈ ನಡು ಸೀಟಿನವು.

‘ಐ ಹ್ಯಾವ್ *ಜಸ್ಟ್* ಈಟನ್.’
‘ಶಿ ಹ್ಯಾಸ್ *ಆಲ್‌ರೆಡಿ* ಗಾನ್.’
‘ವಿ ಹ್ಯಾವ್ *ನೆವರ್* ಸೀನ್ ಇಟ್.’

ಪ್ರಶ್ನೆಯಲ್ಲಿ ‘ಹ್ಯಾವ್’ ಮುಂದೆ ಓಡುತ್ತದೆ, ಅದರ ಹಿಂದೆ ಆಳು ಬರುತ್ತಾನೆ. ಆದರೂ ಈ ಪದ ಮೂರನೇ ರೂಪದ ಮುಂದೆಯೇ ಕೂತಿರುತ್ತದೆ: ‘ಹ್ಯಾವ್ ಯೂ *ಎವರ್* ಸೀನ್ ಇಟ್?’

ಯೆಟ್, ಬಿಫೋರ್, ಲೇಟ್ಲಿ, ಸೋ ಫಾರ್, ಮತ್ತೆ ಒನ್ಸ್, ಟ್ವೈಸ್ ತರಹದ ಲೆಕ್ಕದ ಪದಗಳು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತವೆ. ‘ಸ್ಟಿಲ್’ ಮಾತ್ರ ‘ಹ್ಯಾವಂಟ್’ಗಿಂತಲೂ ಮುಂದೆ ಹೋಗಿ ಕೂರುತ್ತದೆ. ಅದರ ಕತೆ ಆಮೇಲೆ.

ಇನ್ನೊಂದು ವಿಷಯ. ಮಾತಿನಲ್ಲಿ ‘ಐ ಹ್ಯಾವ್’ ಅನ್ನುವುದು ‘ಐವ್’ ಆಗುತ್ತದೆ, ‘ಹಿ ಹ್ಯಾಸ್’ ಅನ್ನುವುದು ‘ಹೀಸ್’ ಆಗುತ್ತದೆ. ವೇಗವಾಗಿ ಮಾತಾಡುವವರ ಬಾಯಲ್ಲಿ ಅದೂ ಅರ್ಧ ನುಂಗಿ ಹೋಗಿರುತ್ತದೆ. ಆದರೆ ‘ಜಸ್ಟ್’, ‘ಆಲ್‌ರೆಡಿ’ ಸ್ಪಷ್ಟವಾಗಿ ಕೇಳುತ್ತವೆ. ಕ್ಲೈಂಟ್ ಕಾಲ್ ಕೇಳಿಸಿಕೊಳ್ಳುವಾಗ ಕಿವಿ ಈ ಪದಗಳ ಮೇಲಿರಲಿ.

ಹೆಜ್ಜೆ 2: ‘ಯಾವಾಗ?’ ಎಂಬುದಕ್ಕೆ ಉತ್ತರ ವಾಕ್ಯದಲ್ಲೇ ಇದೆಯಾ ನೋಡಿ

ಎಲ್ಲಕ್ಕಿಂತ ದೊಡ್ಡ ತಪ್ಪು ಇಲ್ಲೇ ಆಗುವುದು.

ಕನ್ನಡದಲ್ಲಿ ‘ನಿನ್ನೆಯೇ ಮೇಲ್ ಕಳಿಸಿದ್ದೇನೆ’ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘2021ರಲ್ಲಿ ಬಿಕಾಂ ಮುಗಿಸಿದ್ದೇನೆ’ ಅನ್ನುವುದೂ ಸರಿ. ‘ನಿನ್ನೆ’ಗೂ ‘-ಇದ್ದೇನೆ’ಗೂ ನಮ್ಮಲ್ಲಿ ಜಗಳ ಇಲ್ಲ. ಇಂಗ್ಲಿಷಿನಲ್ಲಿ ಅವೆರಡೂ ಒಂದೇ ವಾಕ್ಯದಲ್ಲಿ ಇರುವಂತಿಲ್ಲ. ಮುಗಿದುಹೋದ ಸಮಯದ ಹೆಸರು ಹೇಳಿದಿರಾ, ‘ಹ್ಯಾವ್’ ಇಳಿದು ಹೋಗಬೇಕು.

ತಪ್ಪು: ‘ಐ ಹ್ಯಾವ್ ಸೆಂಟ್ ದ ಮೇಲ್ ಯೆಸ್ಟರ್‌ಡೇ.’
ಸರಿ: ‘ಐ ಸೆಂಟ್ ದ ಮೇಲ್ ಯೆಸ್ಟರ್‌ಡೇ.’
ಇದೂ ಸರಿ: ‘ಐ ಹ್ಯಾವ್ ಆಲ್‌ರೆಡಿ ಸೆಂಟ್ ದ ಮೇಲ್.’

ಕಳಿಸಿ ಆಗಿದೆ ಅನ್ನುವುದು ಮುಖ್ಯವೋ, ಯಾವಾಗ ಕಳಿಸಿದ್ದು ಅನ್ನುವುದು ಮುಖ್ಯವೋ? ಮೊದಲನೆಯದಾದರೆ ‘ಹ್ಯಾವ್’ ಹಾಕಿ, ದಿನ ಬಿಡಿ. ಎರಡನೆಯದಾದರೆ ದಿನ ಹೇಳಿ, ‘ಹ್ಯಾವ್’ ಬಿಡಿ.

‘ಹ್ಯಾವ್’ ಅನ್ನು ಓಡಿಸುವ ಪದಗಳು ಇವು: ಯೆಸ್ಟರ್‌ಡೇ, ಲಾಸ್ಟ್ ವೀಕ್, ಲಾಸ್ಟ್ ಇಯರ್, ಟೂ ಡೇಸ್ ಅಗೋ, ಇನ್ 2021, ಅಟ್ ನೈನ್ ಓ ಕ್ಲಾಕ್, ವೆನ್ ಐ ವಾಸ್ ಇನ್ ಸ್ಕೂಲ್. ಪ್ರಶ್ನೆಯಲ್ಲಿ ‘ವೆನ್’ ಬಂದರೂ ಅಷ್ಟೇ. ‘ವೆನ್ ಹ್ಯಾವ್ ಯೂ ಕಮ್?’ ಅಲ್ಲ, ‘ವೆನ್ ಡಿಡ್ ಯೂ ಕಮ್?’

ಬಯೋಡೇಟಾಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವುದು ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ ಇನ್ 2021’ ಎಂಬ ಸಾಲಿಗೆ. ಇಸವಿ ಇದ್ದರೆ ಸುಮ್ನೆ ‘ಐ ಕಂಪ್ಲೀಟೆಡ್’ ಸಾಕು. ಇಸವಿ ಇಲ್ಲದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿಕಾಂ’ ಸರಿಯೇ.

ಊರಿನ ಚರಿತ್ರೆ ಹಿಡಿದು ಅಭ್ಯಾಸ ಮಾಡಿದರೆ ಈ ನಿಯಮ ಬೇಗ ಕೂರುತ್ತದೆ, ಯಾಕೆಂದರೆ ಅಲ್ಲಿ ಎಲ್ಲದಕ್ಕೂ ಇಸವಿ ಇರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ: ‘ದೇ ಕೇಮ್ ಟು ಮಂಗಳೂರು ಇನ್ 1834.’ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ: ‘ಇಟ್ ಸ್ಟಾರ್ಟೆಡ್ ಇನ್ 1843.’ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1960ರಲ್ಲಿ: ‘ಇಟ್ ಓಪನ್ಡ್ ಇನ್ 1960.’ ಎಲ್ಲೂ ‘ಹ್ಯಾಸ್’ ಇಲ್ಲ. ಆದರೆ ಆ ಕಾಲೇಜು ಈಗಲೂ ಇದೆಯಲ್ಲ? ಆವಾಗಿನಿಂದ ಇಲ್ಲಿಯವರೆಗಿನ ಮಾತು ಎತ್ತಿದ ಕೂಡಲೇ ‘ಹ್ಯಾಸ್’ ವಾಪಸ್ ಬರುತ್ತದೆ: ‘ಇಟ್ ಹ್ಯಾಸ್ ಟ್ರೈನ್ಡ್ ಎಂಜಿನಿಯರ್ಸ್ ಸಿನ್ಸ್ 1960.’ ‘ಇನ್’ ಹೋಗಿ ‘ಸಿನ್ಸ್’ ಬಂದದ್ದರಿಂದಲೇ ವಾಕ್ಯದ ಕಾಲ ಬದಲಾಯಿತು.

ಹೆಜ್ಜೆ 3: ‘ಬಂದದ್ದಷ್ಟೆ’ ಎಂದರೆ ‘ಜಸ್ಟ್’

ಇದು ಸುಲಭ. ‘ಈಗ ಬಂದದ್ದಷ್ಟೆ’ ಎನ್ನುವ ಕಡೆಯೆಲ್ಲ ‘ಜಸ್ಟ್’ ಹಾಕಿ, ನಡು ಸೀಟಿನಲ್ಲಿ ಕೂರಿಸಿ: ‘ಐ ಹ್ಯಾವ್ ಜಸ್ಟ್ ಕಮ್.’ ‘ದ ಬಸ್ ಹ್ಯಾಸ್ ಜಸ್ಟ್ ಲೆಫ್ಟ್.’

‘ಈಗಷ್ಟೇ’ಯನ್ನು ಪದಕ್ಕೆ ಪದ ಇಟ್ಟು ‘ನೌ ಓನ್ಲಿ’ ಮಾಡಬೇಡಿ. ‘ಜಸ್ಟ್ ನೌ ಓನ್ಲಿ’ಯೂ ಬೇಡ. ‘ಜಸ್ಟ್ ನೌ’ ಹಾಕಲೇಬೇಕೆಂದರೆ ‘ಹ್ಯಾವ್’ ಇಲ್ಲದೆ, ವಾಕ್ಯದ ಕೊನೆಗೆ ಹಾಕಿ: ‘ಹಿ ಲೆಫ್ಟ್ ಜಸ್ಟ್ ನೌ.’ ಎರಡು ನಿಮಿಷದ ಹಿಂದೆ ಎನ್ನುವ ಅರ್ಥ ಅದಕ್ಕೆ. ಹಾಗಾಗಿ ಅದು ಹೆಜ್ಜೆ 2ರ ಮುಗಿದ ಸಮಯದ ಪಟ್ಟಿಗೇ ಸೇರುತ್ತದೆ.

ಹೆಜ್ಜೆ 4: ‘ಇನ್ನೂ’ ಮತ್ತು ‘ಆಗಲೇ’: ಯೆಟ್, ಸ್ಟಿಲ್, ಆಲ್‌ರೆಡಿ

ಈ ಮೂರನ್ನು ಬೇರೆ ಬೇರೆ ಕಲಿತರೆ ಗೊಂದಲ ಆಗುತ್ತದೆ. ಒಂದೇ ಸಂಗತಿ ಹಿಡಿದು ನೋಡೋಣ. ಗಲ್ಫಿಗೆ ಹೊರಟ ಹುಡುಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾನೆ. ಪೊಲೀಸ್ ವೆರಿಫಿಕೇಶನ್ ಆಗಿದೆ. ಮನೆಯವರು, ನೆರೆಯವರು, ಏಜೆಂಟು, ಎಲ್ಲರದ್ದೂ ಒಂದೇ ವಿಚಾರಣೆ.

‘ಪಾಸ್‌ಪೋರ್ಟ್ ಬಂತಾ?’
‘ಹ್ಯಾಸ್ ಯುವರ್ ಪಾಸ್‌ಪೋರ್ಟ್ ಕಮ್ ಯೆಟ್?’

ನಮ್ಮ ‘ಬಂತಾ?’, ‘ಆಯ್ತಾ?’ಗಳ ಒಳಗೇ ‘ಯೆಟ್’ ಅಡಗಿದೆ. ಬರಬೇಕಾದ್ದು ಬಂತೋ ಎಂಬ ವಿಚಾರಣೆ ಅದು. ‘ಊಟ ಆಯ್ತಾ?’ ಎಂಬುದೂ ಹೀಗೆಯೇ: ‘ಹ್ಯಾವ್ ಯೂ ಹ್ಯಾಡ್ ಲಂಚ್ ಯೆಟ್?’ ‘ಡಿಡ್ ಲಂಚ್?’ ಎಂದು ಕೇಳುವವರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ.

‘ಇಲ್ಲ, ಇನ್ನೂ ಬಂದಿಲ್ಲ.’
‘ನೋ, ಇಟ್ ಹ್ಯಾಸಂಟ್ ಕಮ್ ಯೆಟ್.’

ಇದು ಬರೀ ಸಮಾಚಾರ. ಬರುತ್ತದೆ, ಕಾಯುತ್ತಿದ್ದೇನೆ ಎಂದಷ್ಟೇ. ಎರಡು ವಾರ ಕಳೆಯಿತು ಅನ್ನಿ. ಅದೇ ನೆರೆಯವರು ಮತ್ತೆ ಸಿಕ್ಕರು.

‘ಇನ್ನೂ ಬಂದೇ ಇಲ್ಲ ಮಾರಾಯ್ರೆ!’
‘ಇಟ್ ಸ್ಟಿಲ್ ಹ್ಯಾಸಂಟ್ ಕಮ್!’

ಎರಡರಲ್ಲೂ ‘ಇನ್ನೂ’ ಇದೆ. ಆದರೆ ‘ಬಂದೇ ಇಲ್ಲ’ದಲ್ಲಿ ತಾಳ್ಮೆ ಮುಗಿದಿದೆ. ಆ ‘ಏ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ‘ಸ್ಟಿಲ್’ ಮಾಡುತ್ತದೆ. ‘ಬಂದಿಲ್ಲ’ ಎಂದರೆ ‘ಯೆಟ್’, ‘ಬಂದೇ ಇಲ್ಲ’ ಎಂದರೆ ‘ಸ್ಟಿಲ್’ ಎಂದು ನೆನಪಿಟ್ಟರೆ ಮುಕ್ಕಾಲು ಪಾಲು ತಪ್ಪುವುದಿಲ್ಲ. ಜಾಗವನ್ನೂ ಗಮನಿಸಿ: ‘ಯೆಟ್’ ಕೊನೆಯಲ್ಲಿ, ‘ಸ್ಟಿಲ್’ ‘ಹ್ಯಾಸಂಟ್’ಗಿಂತ ಮುಂಚೆ. ‘ಇಟ್ ಹ್ಯಾಸಂಟ್ ಸ್ಟಿಲ್ ಕಮ್’ ಅನ್ನುವುದು ಕಿವಿಗೆ ಒಪ್ಪುವುದಿಲ್ಲ.

ಆಫೀಸ್ ಮೇಲ್‌ಗಳಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಜಾಸ್ತಿ. ಮೇಲಿನವರಿಗೆ ‘ಯೂ ಸ್ಟಿಲ್ ಹ್ಯಾವಂಟ್ ಸೆಂಟ್ ದ ಫೈಲ್’ ಎಂದು ಬರೆದರೆ ದಬಾಯಿಸಿದ ಹಾಗಾಗುತ್ತದೆ. ‘ಐ ಹ್ಯಾವಂಟ್ ರಿಸೀವ್ಡ್ ದ ಫೈಲ್ ಯೆಟ್’ ಎಂದರೆ ಮರ್ಯಾದೆಯೂ ಉಳಿಯಿತು, ಕೆಲಸವೂ ಆಯಿತು. ಇನ್ನೂ ಗಂಭೀರವಾಗಿ ಬರೆಯಬೇಕಾದರೆ ‘ಯೆಟ್’ ನಡು ಸೀಟಿಗೂ ಬರುತ್ತದೆ: ‘ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ದ ಫೈಲ್.’ ಮಾತಿಗೆ ಇದು ತೂಕ ಜಾಸ್ತಿ, ಪತ್ರಕ್ಕೆ ಸರಿ.

ಕೊನೆಗೂ ಪಾಸ್‌ಪೋರ್ಟ್ ಬಂತು. ಅದು ಬಂದದ್ದು ಗೊತ್ತಿಲ್ಲದ ಚಿಕ್ಕಪ್ಪ ಫೋನ್ ಮಾಡಿ, ಬೇಕಾದರೆ ಯಾರಿಗಾದರೂ ಹೇಳಿಸುತ್ತೇನೆ ಎಂದರು.

‘ಬೇಡ ಚಿಕ್ಕಪ್ಪ, ಆಗಲೇ ಬಂದಾಯ್ತು.’
‘ಇಟ್ ಹ್ಯಾಸ್ ಆಲ್‌ರೆಡಿ ಕಮ್.’

ಎದುರಿನವರು ಅಂದುಕೊಂಡದ್ದಕ್ಕಿಂತ ಮುಂಚೆಯೇ ಕೆಲಸ ಆಗಿಹೋಗಿದೆ ಎಂಬ ಸೂಚನೆ ‘ಆಲ್‌ರೆಡಿ’ಯಲ್ಲಿದೆ. ‘-ಆಯ್ತು’ ಹಚ್ಚಿ ಹೇಳುವ ತಿಂದಾಯ್ತು, ಕಟ್ಟಿ ಆಯ್ತು, ಹೇಳಿ ಆಯ್ತು, ಎಲ್ಲಕ್ಕೂ ಇದೇ ನಡೆಯುತ್ತದೆ. ಈ ಅರ್ಥ ಇಲ್ಲದ ಕಡೆ ಸುಮ್ನೆ ತುರುಕಬೇಡಿ. ನಮ್ಮ ಕಡೆ ‘ಆಲ್‌ರೆಡಿ’ ಉಪ್ಪಿಗಿಂತ ಜಾಸ್ತಿ ಬೀಳುತ್ತದೆ.

ಪ್ರಶ್ನೆಯಲ್ಲೂ ‘ಆಲ್‌ರೆಡಿ’ ಬರಬಹುದು, ಆದರೆ ಆಗ ಭಾವ ಬೇರೆ. ‘ಹ್ಯಾಸ್ ಇಟ್ ಕಮ್ ಯೆಟ್?’ ಎಂದರೆ ಬಂತಾ ಎಂಬ ವಿಚಾರಣೆ. ‘ಹ್ಯಾಸ್ ಇಟ್ ಕಮ್ ಆಲ್‌ರೆಡಿ?’ ಎಂದರೆ ‘ಓ, ಇಷ್ಟು ಬೇಗ ಬಂತಾ!’ ಎಂಬ ಆಶ್ಚರ್ಯ. ಈ ಆಶ್ಚರ್ಯಕ್ಕಾಗಿ ‘ಆಲ್‌ರೆಡಿ’ ಕೊನೆ ಸೀಟಿಗೆ ಹೋದದ್ದನ್ನೂ ನೋಡಿ.

ಹೆಜ್ಜೆ 5: ‘ಹೋದದ್ದುಂಟಾ?’ ಎಂದರೆ ‘ಎವರ್’

‘ಪರ್ಯಾಯ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ನೋಡಿದ್ದುಂಟಾ?’ ಎಂದು ಉಡುಪಿಯವರು ಕೇಳಿದರೆ ಯಾವ ವರ್ಷ ಎಂಬುದು ಪ್ರಶ್ನೆಯಲ್ಲ. ಜೀವಮಾನದಲ್ಲಿ ಒಮ್ಮೆಯಾದರೂ ನೋಡಿದ್ದೀರಾ ಎಂದು ಅರ್ಥ. ಈ ‘ಉಂಟಾ’ ಬಂದ ಕಡೆ ‘ಹ್ಯಾವ್ ಯೂ ಎವರ್’ ಸರಿಯಾಗಿ ಕೂರುತ್ತದೆ: ‘ಹ್ಯಾವ್ ಯೂ ಎವರ್ ಸೀನ್ ದ ಪರ್ಯಾಯ?’

ಉತ್ತರದಲ್ಲಿ ಎಚ್ಚರ ಬೇಕು. ‘ಹೌದು, ನೋಡಿದ್ದುಂಟು’ ಎಂಬುದಕ್ಕೆ ‘ಯೆಸ್, ಐ ಹ್ಯಾವ್ ಎವರ್ ಸೀನ್’ ಎನ್ನಬಾರದು. ಹೌದು ಎನ್ನುವಾಗ ‘ಎವರ್’ ಬಿದ್ದುಹೋಗುತ್ತದೆ: ‘ಯೆಸ್, ಐ ಹ್ಯಾವ್ ಸೀನ್ ಇಟ್.’ ಎಷ್ಟು ಸಲ ಎಂದು ಸೇರಿಸಬಹುದು: ‘ಐ ಹ್ಯಾವ್ ಸೀನ್ ಇಟ್ ಟ್ವೈಸ್.’ ಮುಂದೆ ವಿವರಕ್ಕೆ ಇಳಿದ ಕೂಡಲೇ ಭೂತಕಾಲಕ್ಕೆ ದಾಟಿ. ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುತ್ತದೆ, 2024ರಲ್ಲಿ ಪುತ್ತಿಗೆ ಮಠದ ಸರದಿ ಇತ್ತು. ಹಾಗಾಗಿ: ‘ಐ ಹ್ಯಾವ್ ಸೀನ್ ಇಟ್ ಟ್ವೈಸ್. ಐ ಸಾ ಇಟ್ ಇನ್ 2024. ವಿ ಸ್ಟುಡ್ ಆನ್ ದ ರೋಡ್ ಆಲ್ ನೈಟ್.’ ಮೊದಲ ವಾಕ್ಯ ‘ಹ್ಯಾವ್’ನಲ್ಲಿ, ಉಳಿದ ಕತೆಯೆಲ್ಲ ಭೂತಕಾಲದಲ್ಲಿ. ಇಂಗ್ಲಿಷ್ ಮಾತಿನ ಸಹಜ ನಡಿಗೆ ಇದು. ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ಸ್ಪೀಕಿಂಗ್‌ಗೆ ಹೋಗುವ ನರ್ಸಿಂಗ್ ಮಕ್ಕಳು ಇದನ್ನೊಂದು ಚೆನ್ನಾಗಿ ರೂಢಿ ಮಾಡಿಕೊಳ್ಳಬೇಕು. ಅಲ್ಲಿನ ನಾಲ್ಕು ಮಾನದಂಡಗಳಲ್ಲಿ ವ್ಯಾಕರಣವೂ ಒಂದು.

‘ನೋಡಿದ್ದೇ ಇಲ್ಲ’ ಎಂದರೆ ‘ನೆವರ್’: ‘ಐ ಹ್ಯಾವ್ ನೆವರ್ ಸೀನ್ ಇಟ್.’ ಕನ್ನಡದಲ್ಲಿ ‘ಯಾವತ್ತೂ’ ಎಂದ ಮೇಲೆ ‘ಇಲ್ಲ’ ಬೇಕೇ ಬೇಕು. ‘ನೆವರ್’ ಒಳಗೆ ‘ಇಲ್ಲ’ ಆಗಲೇ ಇದೆ. ಇನ್ನೊಂದು ‘ನಾಟ್’ ಹಾಕಿದರೆ ಕೆಡುತ್ತದೆ. ‘ಐ ಹ್ಯಾವಂಟ್ ನೆವರ್ ಸೀನ್’ ಬೇಡ. ಕೊನೆಗೆ ‘ಬಿಫೋರ್’ ಸೇರಿಸಿದರೆ ‘ಈ ಮೊದಲು’ ಎಂಬ ಅರ್ಥ ಬರುತ್ತದೆ: ‘ಐ ಹ್ಯಾವ್ ನೆವರ್ ಸೀನ್ ಸಚ್ ರೇನ್ ಬಿಫೋರ್.’ ಆಗುಂಬೆ ಘಾಟಿಯಲ್ಲಿ ಮಳೆಗಾಲಕ್ಕೆ ಬಂದ ನೆಂಟರಿಂದ ಕೇಳಬಹುದಾದ ವಾಕ್ಯ.

ಹೌದು ಎನ್ನುವ ವಾಕ್ಯದಲ್ಲಿ ‘ಎವರ್’ ಬರುವ ಮುಖ್ಯ ಜಾಗಗಳು ಎರಡು. ಒಂದು, ‘ಎಲ್ಲಕ್ಕಿಂತ’ ಎಂಬ ಹೋಲಿಕೆ: ‘ದಿಸ್ ಈಸ್ ದ ಬೆಸ್ಟ್ ಗೋಳಿಬಜೆ ಐ ಹ್ಯಾವ್ ಎವರ್ ಈಟನ್.’ ಇನ್ನೊಂದು, ‘ಮೊದಲ ಸಲ’. ನಾವು ‘ಮಲ್ಪೆಗೆ ಬರ್ತಾ ಇರೋದು ಇದೇ ಮೊದಲ ಸಲ’ ಎನ್ನುತ್ತೇವೆ, ಹಾಗಾಗಿ ‘ಐ ಆ್ಯಮ್ ಕಮಿಂಗ್ ಫಾರ್ ದ ಫಸ್ಟ್ ಟೈಮ್’ ಎಂದು ಬಾಯಿಗೆ ಬರುತ್ತದೆ. ‘ದಿಸ್ ಈಸ್ ದ ಫಸ್ಟ್ ಟೈಮ್’ ಎಂದು ಶುರು ಮಾಡಿದರೆ ಮಾತ್ರ ಮುಂದೆ ‘ಹ್ಯಾವ್’ ಬರಬೇಕು: ‘ದಿಸ್ ಈಸ್ ದ ಫಸ್ಟ್ ಟೈಮ್ ಐ ಹ್ಯಾವ್ ಎವರ್ ಬೀನ್ ಟು ಮಲ್ಪೆ.’

ಈ ‘ಬೀನ್’ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ಕೂತುಕೊಂಡು ‘ಐ ಹ್ಯಾವ್ ಗಾನ್ ಟು ದುಬೈ’ ಎಂದು ಹೇಳಲಿಕ್ಕೆ ಯಾರಿಗೂ ಸಾಧ್ಯವಿಲ್ಲ. ‘ಗಾನ್’ ಎಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ‘ಬೀನ್’ ಎಂದರೆ ಹೋಗಿ ಬಂದಿದ್ದಾನೆ. ಅಣ್ಣ ಅಲ್ಲೇ ಇದ್ದರೆ ‘ಹಿ ಹ್ಯಾಸ್ ಗಾನ್ ಟು ದುಬೈ.’ ನೀವು ಹೋಗಿ ಬಂದವರಾದರೆ ‘ಐ ಹ್ಯಾವ್ ಬೀನ್ ಟು ದುಬೈ.’ ‘ಎವರ್’ ಜೊತೆ ಊರಿನ ಹೆಸರು ಬಂದರೆ ಹೆಚ್ಚಾಗಿ ಬೇಕಾಗುವುದು ‘ಬೀನ್’.

ಹೆಜ್ಜೆ 6: ‘-ಇಂದ’ ಒಂದೇ, ಫಾರ್ ಮತ್ತು ಸಿನ್ಸ್ ಎರಡು

‘ಐದು ವರ್ಷದಿಂದ’, ‘ಸೋಮವಾರದಿಂದ’. ಕನ್ನಡಕ್ಕೆ ಎರಡೂ ‘-ಇಂದ’. ಇಂಗ್ಲಿಷ್ ಮಾತ್ರ ಇಲ್ಲಿ ಎರಡು ಪದ ಇಟ್ಟುಕೊಂಡಿದೆ.

ಎಷ್ಟು ಉದ್ದದ ಸಮಯ ಎಂದು ಅಳೆದು ಹೇಳಿದರೆ ‘ಫಾರ್’: ಫಾರ್ ಫೈವ್ ಇಯರ್ಸ್, ಫಾರ್ ತ್ರೀ ಡೇಸ್, ಫಾರ್ ಎ ಲಾಂಗ್ ಟೈಮ್. ಎಲ್ಲಿಂದ ಶುರುವಾಯಿತು ಎಂದು ಬೆರಳಿಟ್ಟು ತೋರಿಸಿದರೆ ‘ಸಿನ್ಸ್’: ಸಿನ್ಸ್ ಮಂಡೇ, ಸಿನ್ಸ್ 2020, ಸಿನ್ಸ್ ಮಾರ್ನಿಂಗ್, ಸಿನ್ಸ್ ಚೈಲ್ಡ್‌ಹುಡ್. ಪರೀಕ್ಷಿಸುವುದು ಸುಲಭ. ಆ ‘-ಇಂದ’ ತೆಗೆದು ‘ಎಷ್ಟು?’ ಎಂದು ಕೇಳಿ. ‘ಐದು ವರ್ಷ’ ಉತ್ತರವಾಗುತ್ತದೆ, ಹಾಗಾದರೆ ‘ಫಾರ್’. ‘ಸೋಮವಾರ’ ಎಷ್ಟು ಎಂಬುದಕ್ಕೆ ಉತ್ತರವಲ್ಲ, ಹಾಗಾದರೆ ‘ಸಿನ್ಸ್’.

ಅರ್ಧ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಜವಾದ ತೊಡಕು ಕ್ರಿಯಾಪದದಲ್ಲಿದೆ. ‘ಐದು ವರ್ಷದಿಂದ ಇಲ್ಲೇ ಕೆಲಸ ಮಾಡುತ್ತಿದ್ದೇನೆ’ ಎಂಬ ನಮ್ಮ ವಾಕ್ಯ ವರ್ತಮಾನದಲ್ಲಿದೆ. ಆದ್ದರಿಂದ ಬಾಯಿಗೆ ‘ಐ ಆ್ಯಮ್ ವರ್ಕಿಂಗ್’ ಬರುತ್ತದೆ. ಇಂಗ್ಲಿಷ್ ಒಪ್ಪುವುದಿಲ್ಲ. ಹಿಂದೆ ಶುರುವಾಗಿ ಈಗಿನವರೆಗೆ ಬಂದದ್ದು ಎಂದ ಮೇಲೆ ‘ಹ್ಯಾವ್’ ಬೇಕೇ ಬೇಕು.

ತಪ್ಪು: ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್.’
ಸರಿ: ‘ಐ ಹ್ಯಾವ್ ವರ್ಕ್ಡ್ ಹಿಯರ್ ಫಾರ್ ಫೈವ್ ಇಯರ್ಸ್.’
ಇನ್ನೂ ಸಹಜ: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’

ತಪ್ಪು ವಾಕ್ಯದಲ್ಲಿ ಎರಡು ಗಾಯ ಇದೆ ನೋಡಿ. ‘ಸಿನ್ಸ್’ ತಿದ್ದಿ ‘ಆ್ಯಮ್’ ಬಿಟ್ಟರೆ ಸಾಲದು. ‘ಫ್ರಮ್ 2020’ ಎನ್ನುವುದೂ ಇದೇ ಜಾತಿಯದ್ದು, ಅಲ್ಲೂ ‘ಸಿನ್ಸ್ 2020’ ಬೇಕು. ಮಳೆ ಬೆಳಗ್ಗಿನಿಂದ ಬಿಡದೆ ಸುರಿಯುತ್ತಿದ್ದರೆ ‘ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ಮಾರ್ನಿಂಗ್.’ ಜೂನ್ ಬಂದರೆ ಈ ವಾಕ್ಯ ನಮಗೆ ದಿನಾ ಬೇಕಾಗುತ್ತದೆ.

‘ಸಿನ್ಸ್’ ಆದ ಮೇಲೆ ಇಡೀ ವಾಕ್ಯವೂ ಬರಬಹುದು. ಆ ಭಾಗ ಭೂತಕಾಲದಲ್ಲಿರುತ್ತದೆ, ಮುಖ್ಯ ಭಾಗ ‘ಹ್ಯಾವ್’ನಲ್ಲಿ: ‘ಐ ಹ್ಯಾವ್ ಲಿವ್ಡ್ ಇನ್ ಮಣಿಪಾಲ ಸಿನ್ಸ್ ಐ ಜಾಯಿನ್ಡ್ ಕಾಲೇಜ್.’

ಗಲ್ಫಿನಿಂದ ಊರಿಗೆ ಬಂದವರಿಗೆ ಒಂದು ವಿಶೇಷ ಎಚ್ಚರಿಕೆ. ‘ಐ ಹ್ಯಾವ್ ವರ್ಕ್ಡ್ ಇನ್ ದುಬೈ ಫಾರ್ ಫೋರ್ ಇಯರ್ಸ್’ ಎಂದರೆ ಕೇಳಿದವರಿಗೆ ನೀವು ಈಗಲೂ ಅಲ್ಲೇ ಇರುವ ಹಾಗೆ ಅನಿಸಬಹುದು. ಬಿಟ್ಟು ಬಂದಾಗಿದ್ದರೆ ‘ಐ ವರ್ಕ್ಡ್ ಇನ್ ದುಬೈ ಫಾರ್ ಫೋರ್ ಇಯರ್ಸ್’ ಎನ್ನಿ. ‘ಫಾರ್’ ಎರಡೂ ಕಡೆ ಬರುತ್ತದೆ. ‘ಹ್ಯಾವ್’ ಇದೆಯೋ ಇಲ್ಲವೋ ಎನ್ನುವುದೇ ನೀವು ಎಲ್ಲಿದ್ದೀರಿ ಎಂದು ಹೇಳುತ್ತದೆ.

ಹೆಜ್ಜೆ 7: ಉಳಿದ ಕೆಲವು

‘ರೀಸೆಂಟ್ಲಿ’ ಮತ್ತು ‘ಲೇಟ್ಲಿ’ ಎರಡೂ ‘ಇತ್ತೀಚೆಗೆ’. ‘ರೀಸೆಂಟ್ಲಿ’ ನಡುವಿನಲ್ಲೂ ಕೊನೆಯಲ್ಲೂ ಕೂರುತ್ತದೆ. ‘ಲೇಟ್ಲಿ’ ಮಾಮೂಲಾಗಿ ಕೊನೆಯಲ್ಲಿ: ‘ಹ್ಯಾವ್ ಯೂ ಸೀನ್ ಹಿಮ್ ಲೇಟ್ಲಿ?’ ‘ತಡವಾಗಿ’ ಎಂಬ ಅರ್ಥದಲ್ಲಿ ‘ಲೇಟ್ಲಿ’ ಬಳಸಬೇಡಿ, ‘ಹಿ ಕೇಮ್ ಲೇಟ್’ ಅಷ್ಟೇ. ‘ಸೋ ಫಾರ್’ ಎಂದರೆ ‘ಇಲ್ಲಿಯವರೆಗೆ’: ‘ವಿ ಹ್ಯಾವ್ ಸೋಲ್ಡ್ ಟೆನ್ ಟಿಕೆಟ್ಸ್ ಸೋ ಫಾರ್.’ ಇದು ‘ದೂರ’ ಎಂಬ ಅರ್ಥದ ಫಾರ್, ಹೆಜ್ಜೆ 6ರದ್ದಲ್ಲ.

‘ಟುಡೇ’, ‘ದಿಸ್ ವೀಕ್’, ‘ದಿಸ್ ಮಾರ್ನಿಂಗ್’ ಇವುಗಳಲ್ಲಿ ಗಡಿಯಾರ ನೋಡಬೇಕು. ಬೆಳಗ್ಗೆ ಹತ್ತಕ್ಕೆ ‘ಐ ಹ್ಯಾವ್ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್’ ಸರಿ, ಬೆಳಗು ಇನ್ನೂ ಮುಗಿದಿಲ್ಲ. ಮಧ್ಯಾಹ್ನ ಮೂರಕ್ಕೆ ಅದೇ ಸಂಗತಿ ಹೇಳಬೇಕಾದರೆ ‘ಐ ಹ್ಯಾಡ್ ಟೂ ಕಾಫೀಸ್ ದಿಸ್ ಮಾರ್ನಿಂಗ್.’

ಅಮೆರಿಕದ ಕ್ಲೈಂಟ್ ‘ಡಿಡ್ ಯೂ ಸೆಂಡ್ ಇಟ್ ಯೆಟ್?’ ಎಂದೋ ‘ಐ ಆಲ್‌ರೆಡಿ ಏಟ್’ ಎಂದೋ ಹೇಳಿದರೆ ಗಾಬರಿ ಬೇಡ. ಅಮೆರಿಕದ ಮಾತಿನಲ್ಲಿ ಜಸ್ಟ್, ಆಲ್‌ರೆಡಿ, ಯೆಟ್ ಜೊತೆ ‘ಹ್ಯಾವ್’ ಇಲ್ಲದ ಭೂತಕಾಲವೂ ನಡೆಯುತ್ತದೆ. ನಾವು ಶಾಲೆಯಲ್ಲಿ ಕಲಿಯುವುದು ಬ್ರಿಟಿಷ್ ರೀತಿ. ಪರೀಕ್ಷೆಗೆ, ಪತ್ರಕ್ಕೆ ಅದನ್ನೇ ಹಿಡಿಯುವುದು ಕ್ಷೇಮ. ಆದರೆ ‘ಹ್ಯಾವ್ ಸೆಂಟ್ ಯೆಸ್ಟರ್‌ಡೇ’ ಅಮೆರಿಕದಲ್ಲೂ ತಪ್ಪೇ.

ಹೆಜ್ಜೆ 8: ಒಂದು ಇಂಟರ್‌ವ್ಯೂ ಉತ್ತರ ರಿಪೇರಿ ಮಾಡೋಣ

‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಊರು ಸೇರಿದ ಒಬ್ಬ ಅಕೌಂಟೆಂಟ್ ಹೀಗೆ ಹೇಳಿದ ಎಂದಿಟ್ಟುಕೊಳ್ಳಿ:

‘ಐ ಹ್ಯಾವ್ ಕಂಪ್ಲೀಟೆಡ್ ಬಿಕಾಂ ಇನ್ 2019. ಆಫ್ಟರ್ ದಟ್ ಐ ಹ್ಯಾವ್ ವರ್ಕ್ಡ್ ಇನ್ ದುಬೈ ಫಾರ್ ತ್ರೀ ಇಯರ್ಸ್. ಐ ಆ್ಯಮ್ ಲಿವಿಂಗ್ ಇನ್ ಉಡುಪಿ ಸಿನ್ಸ್ ಟೂ ಇಯರ್ಸ್. ಐ ಆ್ಯಮ್ ವರ್ಕಿಂಗ್ ಇನ್ ಎ ಸೊಸೈಟಿ. ಐ ಹ್ಯಾವ್ ಎವರ್ ಯೂಸ್ಡ್ ಟ್ಯಾಲಿ. ಐ ಸ್ಟಿಲ್ ಹ್ಯಾವಂಟ್ ಲರ್ನ್ಟ್ ಅಡ್ವಾನ್ಸ್ಡ್ ಎಕ್ಸೆಲ್.’

ಮೊದಲ ವಾಕ್ಯದಲ್ಲಿ ಇಸವಿ ಇದೆ, ‘ಹ್ಯಾವ್’ ತೆಗೆಯಿರಿ. ಎರಡನೆಯದರಲ್ಲಿ ದುಬೈ ಕತೆ ಮುಗಿದಿದೆ, ‘ಐ ವರ್ಕ್ಡ್’ ಸಾಕು. ಮೂರನೆಯದರಲ್ಲಿ ಎರಡು ಗಾಯ: ‘ಐ ಹ್ಯಾವ್ ಲಿವ್ಡ್ ಇನ್ ಉಡುಪಿ ಫಾರ್ ಟೂ ಇಯರ್ಸ್.’ ನಾಲ್ಕನೆಯದನ್ನು ಮುಟ್ಟಬೇಡಿ. ಎಷ್ಟು ಸಮಯದಿಂದ ಎಂಬ ಮಾತೇ ಅಲ್ಲಿಲ್ಲ, ‘ಐ ಆ್ಯಮ್ ವರ್ಕಿಂಗ್’ ಸರಿಯಾಗಿದೆ. ತಿದ್ದುವ ಹುಮ್ಮಸ್ಸಿನಲ್ಲಿ ಎಲ್ಲದಕ್ಕೂ ‘ಹ್ಯಾವ್’ ಹಚ್ಚುವವರು ಇಲ್ಲಿ ಜಾರುತ್ತಾರೆ. ಐದನೆಯದರಲ್ಲಿ ‘ಎವರ್’ ಬೀಳಲಿ. ಬೇಕಾದರೆ ‘ಐ ಹ್ಯಾವ್ ಆಲ್ವೇಸ್ ಯೂಸ್ಡ್ ಟ್ಯಾಲಿ’ ಎನ್ನಬಹುದು, ಆದರೆ ಆಗ ಅರ್ಥ ‘ಮೊದಲಿನಿಂದಲೂ ಟ್ಯಾಲಿಯನ್ನೇ’ ಎಂದಾಗುತ್ತದೆ.

ಕೊನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪು ಇಲ್ಲ. ಆದರೂ ಬದಲಾಯಿಸಿ. ‘ಸ್ಟಿಲ್ ಹ್ಯಾವಂಟ್’ ಎಂದರೆ ‘ಇನ್ನೂ ಕಲಿತೇ ಇಲ್ಲ’ ಎಂದು ನಿಮ್ಮ ಮೇಲೆ ನೀವೇ ದೂರು ಕೊಟ್ಟ ಹಾಗೆ. ‘ಐ ಹ್ಯಾವಂಟ್ ಲರ್ನ್ಟ್ ಅಡ್ವಾನ್ಸ್ಡ್ ಎಕ್ಸೆಲ್ ಯೆಟ್’ ಎಂದರೆ ಕಲಿಯುವವನಿದ್ದೇನೆ ಎಂಬ ಧ್ವನಿ ಬರುತ್ತದೆ.

ನೀವೇ ಮಾಡಿ ನೋಡಿ

ಕೆಳಗಿನ ಆರು ವಾಕ್ಯಗಳನ್ನು ಉತ್ತರ ನೋಡದೆ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿ. ಬರೆಯುವುದಕ್ಕಿಂತ ಬಾಯಲ್ಲಿ ಹೇಳುವುದು ಮುಖ್ಯ.

1. ಎಕ್ಸ್‌ಪ್ರೆಸ್ ಬಸ್ಸು ಈಗ ಹೋದದ್ದಷ್ಟೆ.
2. ತಮ್ಮ ಮೂರು ದಿನದಿಂದ ಫೋನ್ ಮಾಡಿಲ್ಲ.
3. ನೀವು ಕಂಬಳ ನೋಡಿದ್ದುಂಟಾ?
4. ಹೌದು, ಕಳೆದ ವರ್ಷ ನೋಡಿದ್ದೇನೆ.
5. ಕರೆಂಟ್ ಇನ್ನೂ ಬಂದೇ ಇಲ್ಲ.
6. ಇಷ್ಟು ಒಳ್ಳೆ ನೀರುದೋಸೆ ನಾನು ತಿಂದದ್ದೇ ಇಲ್ಲ.

ಉತ್ತರಗಳು: ಒಂದನೆಯದು ‘ದ ಎಕ್ಸ್‌ಪ್ರೆಸ್ ಹ್ಯಾಸ್ ಜಸ್ಟ್ ಲೆಫ್ಟ್.’ ಎರಡನೆಯದು ‘ಮೈ ಬ್ರದರ್ ಹ್ಯಾಸಂಟ್ ಕಾಲ್ಡ್ ಫಾರ್ ತ್ರೀ ಡೇಸ್.’ ಮೂರನೆಯದು ‘ಹ್ಯಾವ್ ಯೂ ಎವರ್ ಸೀನ್ ಎ ಕಂಬಳ?’ ನಾಲ್ಕನೆಯದರಲ್ಲಿ ‘ನೋಡಿದ್ದೇನೆ’ ಎಂದಿದ್ದರೂ ‘ಹ್ಯಾವ್’ ಇಲ್ಲ: ‘ಯೆಸ್, ಐ ಸಾ ವನ್ ಲಾಸ್ಟ್ ಇಯರ್.’ ಐದನೆಯದು ‘ದ ಪವರ್ ಸ್ಟಿಲ್ ಹ್ಯಾಸಂಟ್ ಕಮ್ ಬ್ಯಾಕ್.’

ಆರನೆಯದಕ್ಕೆ ಎರಡು ಉತ್ತರ ಉಂಟು. ‘ಐ ಹ್ಯಾವ್ ನೆವರ್ ಈಟನ್ ಸಚ್ ಗುಡ್ ನೀರುದೋಸೆ ಬಿಫೋರ್’ ಎಂದರೂ ಸರಿ, ‘ದಿಸ್ ಈಸ್ ದ ಬೆಸ್ಟ್ ನೀರುದೋಸೆ ಐ ಹ್ಯಾವ್ ಎವರ್ ಈಟನ್’ ಎಂದರೂ ಸರಿ. ಮಾ‍ಡಿ ಬಡಿಸಿದವರು ಎದುರಿಗಿದ್ದರೆ ಎರಡನೆಯದು ವಾಸಿ, ಅದರಲ್ಲಿ ‘ಬೆಸ್ಟ್’ ಮೊದಲೇ ಕೇಳಿಸುತ್ತದೆ.